ಹೆಸರು ಬಂತು, ಹುಡುಕಾಟ ಬರಲಿಲ್ಲ

2013ರ ಮೇ ತಿಂಗಳಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿದಾನ ಕೈಪಿಡಿಯ ಐದನೆಯ ಆವೃತ್ತಿಯನ್ನು ಹೊರತಂದಿತು. ಡಿಎಸ್‌ಎಂ-5 ಎಂದು ಹೆಸರಾದ ಆ ಪುಸ್ತಕ ಆಸ್ಪರ್ಗರ್ ಸಿಂಡ್ರೋಮನ್ನು ಕೈಬಿಟ್ಟಿತು. ಹಳೆಯ ಆಟಿಸಂ, ಆಸ್ಪರ್ಗರ್, ಇವೆರಡರಲ್ಲೂ ಪೂರ್ತಿ ಕೂರದ ಮಕ್ಕಳಿಗೆಂದು ಇಟ್ಟುಕೊಂಡಿದ್ದ ಇನ್ನೊಂದು ಉದ್ದನೆಯ ಹೆಸರು, ಎಲ್ಲ ಸೇರಿ ‘ಆಟಿಸಂ ಸ್ಪೆಕ್ಟ್ರಮ್ ಡಿಸಾರ್ಡರ್’ ಆದವು. ಹೊರದೇಶಗಳಲ್ಲಿ ಅದರ ಮೇಲೆ ದೊಡ್ಡ ವಾಗ್ವಾದ ಎದ್ದಿತು. ಆಸ್ಪರ್ಗರ್ ಎಂದು ತಮ್ಮನ್ನು ಕರೆದುಕೊಂಡು ಬದುಕು ಕಟ್ಟಿಕೊಂಡವರು ಸಿಟ್ಟಾದರು, ಸವಲತ್ತು ತಪ್ಪೀತೆಂದು ಪೋಷಕರು ಹೆದರಿದರು.

ಅದೇ ವರ್ಷದ ಫೆಬ್ರುವರಿಯಲ್ಲಿ ನಮ್ಮಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಗಿತ್ತು. ವೈದ್ಯರ ತಂಡ ಜೀಪಿನಲ್ಲಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. 30 ಬಗೆಯ ತೊಂದರೆಗಳಲ್ಲಿ ಯಾವುದಾದರೂ ಕಂಡರೆ ಮೇಲಿನ ಆಸ್ಪತ್ರೆಗೆ ಕಳಿಸಬೇಕು. ಆ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಪುಸ್ತಕ ಅಲ್ಲಿ ಬದಲಾದ ಹೊತ್ತಿಗೇ ಜೀಪು ಇಲ್ಲಿ ಹೊರಟಿತ್ತು. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳ ಮಕ್ಕಳ ಪಾಲಿಗೆ ಈ ಎರಡೂ ಎಲ್ಲಿ ಕೂಡುತ್ತವೆ ಎಂದು ನೋಡಹೊರಟರೆ, ಕೂಡುವ ಜಾಗವೇ ಸಿಗುವುದಿಲ್ಲ.

ಕುಂದಗೋಳ ತಾಲ್ಲೂಕಿನ ಒಂದು ಮನೆಯಲ್ಲಿ ತಾಯಿಯೊಬ್ಬರು ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಮಗನ ಕಾಗದಗಳನ್ನೆಲ್ಲ ಇಟ್ಟಿದ್ದಾರೆ. ಮೂರು ವರ್ಷದವನಿದ್ದಾಗಿನ ಚೀಟಿಯಲ್ಲಿ ‘ಮಾತು ತಡ’ ಎಂದಿದೆ. ಆಮೇಲಿನ ದೊಡ್ಡಾಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ ಆಟಿಸಂ, ಅದರ ಪಕ್ಕದಲ್ಲೇ ಎಡಿಎಚ್‌ಡಿ, ಎರಡಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ. ಇನ್ನೊಂದು ಕಡೆ ‘ಹೈಪರ್’ ಎಂದಷ್ಟೇ ಬರೆದು ಮಲಗಿಸುವ ಔಷಧ ಕೊಟ್ಟಿದ್ದಾರೆ. ಕೊನೆಗೆ ಅಂಗವೈಕಲ್ಯದ ಕಾರ್ಡು. ಅದರಲ್ಲಿ ಬೌದ್ಧಿಕ ಅಸಾಮರ್ಥ್ಯ, ಶೇಕಡಾ 75. ‘ಯಾವದು ಖರೇ ಅಂತ ಯಾರೂ ಹೇಳವಲ್ರು ನೋಡ್ರಿ. ಕಾರ್ಡ್ ಮ್ಯಾಗ ಇದ್ದದ್ದs ಖರೇ ಅಂತ ತಿಳ್ಕೊಂಡೀನಿ, ಪಗಾರ ಅದರ ಮ್ಯಾಗs ಬರ್ತದಲ್ರಿ’ ಎಂದರು ಆಕೆ. ಮಾಸಾಶನಕ್ಕೆ ಈ ಕಡೆ ಪಗಾರ ಎಂದೇ ಅನ್ನುತ್ತಾರೆ. ಹುಡುಗ ಅಷ್ಟೊತ್ತು ಹಿತ್ತಲ ಬಾಗಿಲ ಚಿಲಕವನ್ನು ಹಾಕುತ್ತ ತೆಗೆಯುತ್ತ ನಿಂತಿದ್ದ. ಪ್ರತಿ ಸಲವೂ ಅದೇ ವೇಗ, ಅದೇ ಸದ್ದು.

ಒಂದೇ ಮಗುವಿಗೆ ಇಷ್ಟೊಂದು ಹೆಸರು ಬಂದದ್ದಕ್ಕೆ ವೈದ್ಯರನ್ನು ದೂರಿ ಕೂರಬಹುದು. ನನಗೆ ಅದು ಸರಿ ಕಾಣುವುದಿಲ್ಲ. ಮಕ್ಕಳ ಬೆಳವಣಿಗೆಯ ತೊಂದರೆಗಳ ಹೆಸರು ಎಲ್ಲ ಕಡೆಯೂ ಹೀಗೆ ಅಲೆದಾಡಿವೆ. ಆದರೆ ಅವು ಯಾಕೆ ಬದಲಾದವು ಎಂಬ ಕಥೆಯನ್ನು ನಾವು ಅರ್ಧವೇ ಕೇಳಿಸಿಕೊಂಡಿದ್ದೇವೆ.

1943ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಪ್ರಬಂಧದಿಂದ ಆಟಿಸಂ ಬಾಲ್ಯದ ಒಂದು ಸ್ಥಿತಿಯಾಗಿ ವೈದ್ಯಕೀಯದೊಳಗೆ ಬಂತು. ಆ ಮಕ್ಕಳ ತಂದೆತಾಯಿಗಳು ಬಹುತೇಕ ಓದಿದವರು, ಉದ್ಯೋಗಸ್ಥರು. ಕ್ಯಾನರ್ ಅದನ್ನು ಗಮನಿಸಿ ಬರೆದ. ಮುಂದೆ ಆ ಗಮನಿಕೆ ಕೆಟ್ಟ ದಾರಿ ಹಿಡಿಯಿತು: ಬುದ್ಧಿವಂತ, ತಣ್ಣನೆಯ ತಾಯಂದಿರು ಮಗುವನ್ನು ಪ್ರೀತಿಸದೆ ಹೀಗೆ ಮಾಡಿದರು ಎಂಬ ಸಿದ್ಧಾಂತ ಹುಟ್ಟಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಆ ಮಾತಿಗೆ ಒಂದು ಇಡೀ ಪುಸ್ತಕವನ್ನೇ ಬರೆದ. 1968ರ ಅಮೆರಿಕದ ಕೈಪಿಡಿಯಲ್ಲಂತೂ ಆಟಿಸಂಗೆ ಸ್ವಂತ ಜಾಗವಿರಲಿಲ್ಲ, ಬಾಲ್ಯದ ಸ್ಕಿಜೋಫ್ರೀನಿಯಾದ ಕೆಳಗೆ ಅದನ್ನು ತುರುಕಿದ್ದರು. 1980ರ ಆವೃತ್ತಿಯಲ್ಲಿ ಅದು ಬೇರೆಯಾಯಿತು.

ಓದಿದವರ ಮಕ್ಕಳಲ್ಲೇ ಯಾಕೆ ಕಂಡಿತು ಎಂಬುದಕ್ಕೆ ಉತ್ತರ ಸರಳ. ಆ ಕಾಲದಲ್ಲಿ ಬಾಲ್ಟಿಮೋರಿನ ತಜ್ಞನ ಬಾಗಿಲಿಗೆ ಮಗುವನ್ನು ಕರೆದೊಯ್ಯುವ ತ್ರಾಣ ಇದ್ದವರು ಅವರೇ. ಉಳಿದವರ ಮಕ್ಕಳು ಮಂದಬುದ್ಧಿಯವರ ಆಶ್ರಮಗಳಲ್ಲಿದ್ದರು. ಇದನ್ನು ತೋರಿಸಿಕೊಟ್ಟವರು ಇಂಗ್ಲೆಂಡಿನ ಲೋರ್ನಾ ವಿಂಗ್ ಮತ್ತು ಜುಡಿತ್ ಗೂಲ್ಡ್. ವಿಂಗ್ ಸ್ವತಃ ಆಟಿಸಂ ಇದ್ದ ಮಗಳ ತಾಯಿ, ಮನೋವೈದ್ಯೆ. ಇಬ್ಬರೂ ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶವನ್ನು ಆರಿಸಿಕೊಂಡರು. ಅಲ್ಲಿ 15 ವರ್ಷದೊಳಗಿನ ಮಕ್ಕಳು ಸುಮಾರು 35,000. ಅವರಲ್ಲಿ ಯಾವುದೇ ನ್ಯೂನತೆಯ ಹೆಸರಲ್ಲಿ ಎಲ್ಲಿಯಾದರೂ ದಾಖಲಾಗಿದ್ದ ಮಕ್ಕಳನ್ನು ಪಟ್ಟಿ ಹಿಡಿದು ಹುಡುಕಿ ನೋಡಿದರು. ಕ್ಯಾನರನ ಅಳತೆಗೆ ಸರಿಯಾಗಿ ಕೂತವರು ಕೆಲವೇ ಮಂದಿ. ಆದರೆ ಇನ್ನೊಬ್ಬರೊಂದಿಗೆ ಬೆರೆಯುವುದು, ಮಾತು-ಸನ್ನೆ, ಕಲ್ಪನೆ, ಈ ಮೂರರಲ್ಲೂ ಅದೇ ಬಗೆಯ ತೊಡಕಿದ್ದು ಬೇರೆ ಹೆಸರು ಹೊತ್ತವರು ಬಹಳ ಇದ್ದರು. 1979ರಲ್ಲಿ ಅದು ಪ್ರಕಟವಾಯಿತು. ಆಟಿಸಂ ಒಂದು ಕಟ್ಟಿಟ್ಟ ಡಬ್ಬಿಯಲ್ಲ, ಹರವಾದ ಪಟ್ಟಿ ಎಂಬ ವಿಚಾರ ಅಲ್ಲಿಂದ ಬೆಳೆಯಿತು. ಆಸ್ಪರ್ಗರ್ ಸಿಂಡ್ರೋಮ್ ಎಂಬ ಹೆಸರನ್ನು 1981ರಲ್ಲಿ ಚಾಲ್ತಿಗೆ ತಂದವಳೂ ಅದೇ ವಿಂಗ್.

ಸ್ಪೆಕ್ಟ್ರಮ್ ಎಂಬ ಹೆಸರು ಹುಟ್ಟಿದ್ದು ಹೀಗೆ, ‘ಮಂದಬುದ್ಧಿ’ ಎಂದು ಆಗಲೇ ಹಣೆಪಟ್ಟಿ ಅಂಟಿಸಿಕೊಂಡಿದ್ದ ಮಕ್ಕಳನ್ನು ಎರಡನೇ ಸಲ ನೋಡಿದ್ದರಿಂದ. ನಾವು ಹೆಸರನ್ನು ತರಿಸಿಕೊಂಡೆವು. ಎರಡನೇ ಸಲ ನೋಡುವ ಕೆಲಸವನ್ನು ತರಿಸಿಕೊಳ್ಳಲಿಲ್ಲ. ನನ್ನ ತಕರಾರು ಇಷ್ಟೇ.

2004ರಲ್ಲಿ ಅಣ್ಣಿಗೇರಿ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಅವನಿಗೆ ಪ್ರಮಾಣಪತ್ರ ಬೇಕು. ಆಗ ಜಾರಿಯಲ್ಲಿದ್ದದ್ದು 1995ರ ಅಂಗವಿಕಲರ ಕಾಯ್ದೆ. ಅದರಲ್ಲಿದ್ದವು ಏಳೇ ವರ್ಗ. ಆಟಿಸಂ ಇರಲಿಲ್ಲ, ಬುದ್ಧಿಮಾಂದ್ಯ ಇತ್ತು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಹೆಸರಿನಲ್ಲೇ ಆಟಿಸಂ ಇದ್ದರೂ ಅದರ ಉದ್ದೇಶ ಪಾಲಕತ್ವ, ಆರೈಕೆ. ಶಾಲೆ, ಮಾಸಾಶನ, ಬಸ್ ಪಾಸಿಗೆ ಬೇಕಾದ ಶೇಕಡಾವಾರು ಬರಬೇಕಾದರೆ ಐಕ್ಯೂ ಪರೀಕ್ಷೆ ಆಗಬೇಕು: 50ರಿಂದ 69 ಇದ್ದರೆ ಶೇ 50, 35ರಿಂದ 49ಕ್ಕೆ ಶೇ 75, 20ರಿಂದ 34ಕ್ಕೆ ಶೇ 90. ಮಾತಾಡದ, ಎದುರಿಗೆ ಕೂಡದ, ಹೇಳಿದ ಮರದ ತುಂಡನ್ನು ಎತ್ತಿಡದ ಮಗುವಿಗೆ ಎಷ್ಟು ಐಕ್ಯೂ ಬರುತ್ತದೆ? ವೈದ್ಯನಿಗೆ ಆಟಿಸಂ ಎಂದು ಗೊತ್ತಿದ್ದರೂ ಬುದ್ಧಿಮಾಂದ್ಯ ಎಂದು ಬರೆದರೆ ಮಾತ್ರ ಕುಟುಂಬಕ್ಕೆ ನಾಲ್ಕು ಕಾಸು ಸಿಗುತ್ತಿತ್ತು. ಕರುಣೆ ಇದ್ದವರು ಹಾಗೆಯೇ ಬರೆದರು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದು ಏಳರ ಜಾಗದಲ್ಲಿ 21 ನ್ಯೂನತೆಗಳಾದವು. ಆಟಿಸಂ ಸ್ಪೆಕ್ಟ್ರಮ್, ನಿರ್ದಿಷ್ಟ ಕಲಿಕಾ ನ್ಯೂನತೆ ಎರಡೂ ಸೇರಿದವು. ಬುದ್ಧಿಮಾಂದ್ಯ ಹೋಗಿ ಬೌದ್ಧಿಕ ಅಸಾಮರ್ಥ್ಯ ಬಂತು. ಆಟಿಸಂ ಅಳೆಯಲು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ರೂಪಿಸಿದ ಐಎಸ್‌ಎಎ ಎಂಬ ಭಾರತೀಯ ಮಾಪಕವೂ ಇದೆ. 40 ಅಂಶ, ಒಂದೊಂದಕ್ಕೂ ಒಂದರಿಂದ ಐದು ಅಂಕ. 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ, 153 ದಾಟಿದರೆ ತೀವ್ರ. ಆ ಸಂಸ್ಥೆಯ ಹೆಸರೂ ಈ ನಡುವೆ ಬದಲಾಗಿದೆ. 1984ರಲ್ಲಿ ಶುರುವಾದಾಗ ಅದು ಮಾನಸಿಕ ವಿಕಲರ ರಾಷ್ಟ್ರೀಯ ಸಂಸ್ಥೆ, ಈಗ ಬೌದ್ಧಿಕ ಅಸಾಮರ್ಥ್ಯವುಳ್ಳವರ ಸಬಲೀಕರಣದ ಸಂಸ್ಥೆ.

ಇಷ್ಟೆಲ್ಲ ಆದಾಗ ಅಣ್ಣಿಗೇರಿಯ ಆ ಹುಡುಗನಿಗೆ 12-13 ವರ್ಷ. ಅವನ ಹಳೇ ಕಾಗದವನ್ನು ಅಂಗವೈಕಲ್ಯದ ವಿಶಿಷ್ಟ ಗುರುತಿನ (ಯುಡಿಐಡಿ) ಪೋರ್ಟಲ್ಲಿಗೆ ಏರಿಸಿ ಹೊಸ ಸ್ಮಾರ್ಟ್ ಕಾರ್ಡ್ ಕೊಡುವ ವ್ಯವಸ್ಥೆಯಾಯಿತು. ಕಾಗದ ಕಾರ್ಡಾಯಿತು, ಬುದ್ಧಿಮಾಂದ್ಯ ಬೌದ್ಧಿಕ ಅಸಾಮರ್ಥ್ಯವಾಯಿತು, ಶೇಕಡಾವಾರು ನೋಡಿ ಪಟ್ಟಿಯ ಬಣ್ಣ ಹಚ್ಚಿದರು: 40ರಿಂದ 79ಕ್ಕೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ. ಹುಡುಗನನ್ನು ಮತ್ತೆ ನೋಡಬೇಕಾದ ಸಂದರ್ಭ ಎಲ್ಲೂ ಬರಲಿಲ್ಲ.

ದುಡ್ಡಿನ ಲೆಕ್ಕದಲ್ಲಿ ಏನು ವ್ಯತ್ಯಾಸವಾಯಿತು ಎಂದು ಕೇಳುವವರಿದ್ದಾರೆ. ಮಾಸಾಶನ ಶೇಕಡಾವಾರಿನ ಮೇಲೆ ನಿಂತದ್ದು. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷದವರೆಗೆ ಚಿಕಿತ್ಸಾ ವೆಚ್ಚ ಕೊಡುವುದು ಆಟಿಸಂ ಇದ್ದವರಿಗೂ ಬೌದ್ಧಿಕ ಅಸಾಮರ್ಥ್ಯ ಇದ್ದವರಿಗೂ ಒಂದೇ. ಸರಕಾರಿ ನೌಕರಿಯಲ್ಲಿ ಮೀಸಲಿಟ್ಟ ಶೇ 1ರ ಪಾಲನ್ನೂ ಒಟ್ಟಿಗೇ ಹಂಚಿಕೊಳ್ಳಬೇಕು. ಹಾಗಾದರೆ ಹೆಸರು ಯಾವುದಾದರೇನು? ಇದು ಗಟ್ಟಿ ಪ್ರಶ್ನೆ. ಕಚೇರಿಯ ಕಿಟಕಿಯಲ್ಲಿ ನಿಂತು ನೋಡಿದರೆ ಉತ್ತರ ಸಿಗುವುದಿಲ್ಲ, ಶಾಲೆಗೆ ಹೋಗಬೇಕು.

ಬಿಸಿಯೂಟದ ಹೊತ್ತು. ಹುಡುಗ ಅನ್ನ ತಿನ್ನುತ್ತಾನೆ. ಸಾರು ಅನ್ನಕ್ಕೆ ತಗುಲಿತೋ, ತಟ್ಟೆ ತಳ್ಳಿ ಕಿರುಚುತ್ತಾನೆ. ಪಕ್ಕದ ಹಿಟ್ಟಿನ ಗಿರಣಿ ಶುರುವಾದರೆ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಆತುಕೊಳ್ಳುತ್ತಾನೆ. ಬೆಂಚು ಬದಲಾಯಿಸಿದ ದಿನ ಇಡೀ ಹೊತ್ತು ಅಳುತ್ತಾನೆ. ಕಾರ್ಡಿನಲ್ಲಿ ಬೌದ್ಧಿಕ ಅಸಾಮರ್ಥ್ಯ ಎಂದಿದ್ದರೆ ಅಕ್ಕೋರು ಏನು ಮಾಡುತ್ತಾರೆ? ಪಾಠ ಇಳಿಸುತ್ತಾರೆ. ಆರನೆಯ ತರಗತಿಯವನಿಗೆ ಒಂದನೆಯ ತರಗತಿಯ ಅಕ್ಷರ ತಿದ್ದಲು ಕೊಡುತ್ತಾರೆ. ಅವನ ತೊಂದರೆ ಅಕ್ಷರದಲ್ಲಿ ಇರಲಿಕ್ಕಿಲ್ಲ. ಸದ್ದು, ಸ್ಪರ್ಶ, ದಿನದ ಅನುಕ್ರಮ ತಪ್ಪುವುದು ಅವನನ್ನು ಕಾಡುತ್ತಿರಬಹುದು. ಆಟಿಸಂ ಎಂದು ಗೊತ್ತಿದ್ದವರು ಮೊದಲು ಅವನನ್ನು ಗಿರಣಿಯ ಕಡೆಯ ಗೋಡೆಯಿಂದ ಎಬ್ಬಿಸಿ ಈಚೆ ಕೂರಿಸುತ್ತಾರೆ, ಸಾರನ್ನು ಬೇರೆ ಬಟ್ಟಲಿಗೆ ಹಾಕಿಸುತ್ತಾರೆ, ಇವತ್ತು ಏನೇನು ನಡೆಯುತ್ತದೆ ಎಂಬುದನ್ನು ಚಿತ್ರದಲ್ಲಿ ಬರೆದು ತೋರಿಸುತ್ತಾರೆ. ಇದಕ್ಕೆ ಖರ್ಚಿಲ್ಲ. ಹೆಸರಿನ ಉಪಯೋಗ ಇರುವುದು ಇಲ್ಲಿ. ಎರಡೂ ಒಟ್ಟಿಗೆ ಇರುವ ಮಕ್ಕಳೂ ಬಹಳ, ಅದು ನಿಜ. ಆಗಲೂ ಆಟಿಸಂ ಅನ್ನು ಮುಚ್ಚಿಟ್ಟು ಬೌದ್ಧಿಕ ಅಸಾಮರ್ಥ್ಯಕ್ಕಷ್ಟೇ ಪಾಠ ಹೇಳಲಾಗುವುದಿಲ್ಲ.

ಹಳ್ಳಿಗೆ ಈ ಹೆಸರುಗಳೇ ಬೇಡ ಎನ್ನುವವರ ವಾದವನ್ನೂ ನಾನು ಹಗುರಾಗಿ ತೆಗೆದುಕೊಳ್ಳಲಾರೆ. ಕೂಡುಕುಟುಂಬದಲ್ಲಿ, ಎತ್ತು-ಎಮ್ಮೆಗಳ ಮನೆಯಲ್ಲಿ ಹೆಚ್ಚು ಮಾತಾಡದ ಹುಡುಗನಿಗೆ ಜಾಗ ಇತ್ತು. ಹೆಸರುಕಾಯಿ ಬಿಡಿಸುವಾಗ, ದನ ಮೇಯಿಸುವಾಗ ಅವನನ್ನು ಯಾರೂ ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಎಂದು ಕೇಳುತ್ತಿರಲಿಲ್ಲ. ‘ಅಂವ ಹಂಗs’ ಎಂದು ಊರು ಒಪ್ಪಿಕೊಂಡುಬಿಡುತ್ತಿತ್ತು. ಆ ಒಪ್ಪಿಗೆಯಲ್ಲಿ ದೊಡ್ಡ ಗುಣವಿದೆ, ನಗರದ ಅಪಾರ್ಟ್‌ಮೆಂಟುಗಳಲ್ಲಿ ಅದು ಸಿಗುವುದಿಲ್ಲ. ಆದರೆ ಅದು ಗಂಡುಮಕ್ಕಳಿಗೆ, ಮೈಯಲ್ಲಿ ಕಸುವಿದ್ದವರಿಗೆ, ಸಿಟ್ಟು ಮಾಡದವರಿಗೆ ಸಿಕ್ಕ ಜಾಗ. ಅದೇ ಸ್ಥಿತಿಯ ಹುಡುಗಿಯನ್ನು ಒಳಮನೆಯಲ್ಲಿ ಕೂಡಿಹಾಕಿ, ತಂಗಿಯ ಲಗ್ನ ನಿಲ್ಲದಿರಲಿ ಎಂದು ಬಂದವರಿಂದ ಮರೆಮಾಚಿದ್ದೂ ಇದೇ ಊರುಗಳೇ. ಜೊತೆಗೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಪ್ರತಿ ಮಗುವೂ ಆರು ತಾಸು ಬೆಂಚಿನ ಮೇಲೆ ಕೂರಬೇಕು. ಕೂರಲಾಗದವನು ಮೊದಲು ಕಾಣುತ್ತಿರಲಿಲ್ಲ, ಈಗ ಕಾಣುತ್ತಾನೆ, ಕಂಡ ಮೇಲೆ ‘ಮಳ್ಳ’ ಎನಿಸಿಕೊಳ್ಳುತ್ತಾನೆ. ಆಸ್ಪತ್ರೆಯವರು ಹೆಸರಿಡದಿದ್ದರೆ ಊರೇ ಇಟ್ಟುಬಿಡುತ್ತದೆ.

ತಾಯಿಯ ಮೇಲೆ ಹೊರೆ ಹೊರಿಸುವ ಚಾಳಿಯಂತೂ ಬಾಲ್ಟಿಮೋರಿನಲ್ಲಿ ಮುಗಿದಿಲ್ಲ. ಈಚೆಗೆ ‘ವರ್ಚುವಲ್ ಆಟಿಸಂ’ ಎಂಬ ಹೆಸರು ಊರೂರಲ್ಲಿ ಓಡಾಡುತ್ತಿದೆ. ಮೊಬೈಲ್ ತೋರಿಸಿ ಊಟ ಮಾಡಿಸಿದ್ದಕ್ಕೆ ಮಗು ಹೀಗಾಯಿತು ಎಂದು ಅರ್ಥ. ಡಿಎಸ್‌ಎಂನಲ್ಲಾಗಲಿ, 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಾಗಲಿ ಅಂಥ ಕಾಯಿಲೆ ಇಲ್ಲ. ಚಿಕ್ಕ ಮಕ್ಕಳ ಕೈಗೆ ಫೋನು ಬೇಡ, ಸರಿ. ಹೊಲದಿಂದ ಬಂದು ಒಲೆ ಮುಂದೆ ಕೂತ ಹೆಂಗಸಿಗೆ ‘ನೀನs ಕೆಡಿಸೀದಿ’ ಎಂದು ಅತ್ತೆ, ಗಂಡ, ಕೆಲವು ಕಡೆ ಬಿಳಿ ಕೋಟಿನವರೂ ಹೇಳುವುದನ್ನು ಮಾತ್ರ ಒಪ್ಪಲಾಗದು. ಆಕೆ ಆಗಲೇ ನಾಲಗೆಗೆ ಬಜೆಬೇರು ತೇಯ್ದು ತಿಕ್ಕಿದ್ದಾಳೆ, ಹರಕೆ ಹೊತ್ತಿದ್ದಾಳೆ, ‘ಅವರಪ್ಪನೂ ತಡಾನs ಮಾತಾಡಿದ್ದು’ ಎಂಬ ಸಮಾಧಾನದಲ್ಲಿ ಎರಡು ವರ್ಷ ಕಾದಿದ್ದಾಳೆ. ಆ ಎರಡು ವರ್ಷದಲ್ಲಿ ಕಿವಿ ಪರೀಕ್ಷೆ ಕೂಡ ಆಗಿರುವುದಿಲ್ಲ. ಮಾತು ಬರದ ಮಗುವಿಗೆ ಮೊದಲು ಕಿವಿ ಕೇಳುತ್ತದೋ ನೋಡಬೇಕು, ಥೈರಾಯ್ಡ್ ನೋಡಬೇಕು. ಇವುಗಳಿಗೆ ಪರಿಹಾರವಿದೆ, ತಡವಾದಷ್ಟೂ ನಷ್ಟ. ತಪ್ಪು ಹೆಸರು ಮಾಡುವ ದೊಡ್ಡ ಅನಾಹುತ ಇದು.

ಇನ್ನೊಂದು ಅಡ್ಡಿ ಧಾರವಾಡದ್ದೇ. ಬ್ರಿಟಿಷರ ಕಾಲದಲ್ಲಿ, 19ನೇ ಶತಮಾನದ ನಡುವಿನಲ್ಲಿ ಹುಚ್ಚರ ಆಶ್ರಯವಾಗಿ ಶುರುವಾದ ಆಸ್ಪತ್ರೆ ಇಂದು ಡಿಮ್ಹಾನ್ಸ್. ಈ ಭಾಗದಲ್ಲಿ ಮಕ್ಕಳ ಮನಸ್ಸಿನ ವಿಷಯಕ್ಕೆ ಹೋಗಬೇಕಾದ ಸರಕಾರಿ ಜಾಗಗಳಲ್ಲಿ ಅದು ಮುಖ್ಯವಾದದ್ದು. ಹೆಸರು ಎಷ್ಟು ಸಲ ಬದಲಾದರೂ ನವಲಗುಂದದ ಬಸ್ಸಿನಲ್ಲಿ ಅದು ಇನ್ನೂ ‘ಹುಚ್ಚರ ದವಾಖಾನಿ’. ಮೂರು ವರ್ಷದ ಕೂಸನ್ನು ಅಲ್ಲಿಗೆ ಒಯ್ದದ್ದು ಬೀಗರಿಗೆ ಗೊತ್ತಾದರೆ ಎಂಬ ಅಂಜಿಕೆಯಿಂದಲೇ ಎಷ್ಟೋ ಜನ ಹುಬ್ಬಳ್ಳಿಯ ಖಾಸಗಿ ಕ್ಲಿನಿಕ್ಕಿಗೆ ಸಾಲ ಮಾಡಿ ಹೋಗುತ್ತಾರೆ. ಅಲ್ಲಿಂದ ಮುಂದೆ ಕಾಂಡಕೋಶ ಚಿಕಿತ್ಸೆ ಮಾರುವವರ ಕೈಗೆ ಸಿಕ್ಕವರೂ ಇದ್ದಾರೆ. ಆಟಿಸಂಗೆ ಅದನ್ನು ಮಾಡಬಾರದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರ ಡಿಸೆಂಬರಿನಲ್ಲೇ ಹೇಳಿದೆ.

ಹೆಸರು ಬದಲಾದರೆ ಅಂಕಿ ಹೇಗೆ ಬದಲಾಗುತ್ತದೆ ಎಂಬುದನ್ನೂ ನೋಡಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲೆಕ್ಕದಲ್ಲಿ 2000ದಲ್ಲಿ ಎಂಟು ವರ್ಷದ 150 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇತ್ತು, 2022ರಲ್ಲಿ 31ರಲ್ಲಿ ಒಬ್ಬರಿಗೆ. ಇದನ್ನು ಕೇಳಿ ಲಸಿಕೆ ಕಾರಣ, ಅದು ಕಾರಣ, ಇದು ಕಾರಣ ಎಂದು ಕೂಗೆಬ್ಬಿಸಿದವರು ಬಹಳ. ಕ್ಯಾಲಿಫೋರ್ನಿಯಾದ ದಾಖಲೆಗಳನ್ನು ಕೆದಕಿದ ಸಂಶೋಧಕರಾದ ಕಿಂಗ್ ಮತ್ತು ಬೇರ್‌ಮನ್ 2009ರಲ್ಲಿ ತೋರಿಸಿದ್ದು ಬೇರೆ: ಅಲ್ಲಿ ಏರಿದ ಸಂಖ್ಯೆಯ ಸುಮಾರು ಕಾಲುಭಾಗ, ಮೊದಲು ಬುದ್ಧಿಮಾಂದ್ಯ ಎಂದಿದ್ದವರಿಗೆ ಆಟಿಸಂ ಎಂದು ಹೆಸರು ಬದಲಿಸಿದ್ದರಿಂದ ಆದದ್ದು. ನಮ್ಮಲ್ಲಿ 2011ರ ಜನಗಣತಿಯ ನಮೂನೆಯಲ್ಲಿ ಆಟಿಸಂಗೆ ಒಂದು ಕಾಲಮ್ಮೇ ಇರಲಿಲ್ಲ. ಮಂದಿ ‘ಬುದ್ಧಿಮಾಂದ್ಯ’ದಲ್ಲೋ ‘ಇತರೆ’ಯಲ್ಲೋ ಬಿದ್ದರು. ಭಾರತದಲ್ಲೂ ಮನೆಮನೆಗೆ ಹೋಗಿ ನೋಡಿದ ಕೆಲಸ ಒಂದಿದೆ. ಇನ್‌ಕ್ಲೆನ್ ಎಂಬ ಸಂಶೋಧನಾ ಜಾಲದ ತಂಡ ಕಾಂಗ್ಡಾ, ಪಲವಲ್, ಢೆಂಕನಾಲ್, ಉತ್ತರ ಗೋವಾ, ಹೈದರಾಬಾದಿನಲ್ಲಿ ಎರಡರಿಂದ ಒಂಬತ್ತು ವರ್ಷದ ಸುಮಾರು 4,000 ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಮಾಡಿತು. ಹೆಚ್ಚುಕಡಿಮೆ ಎಂಟರಲ್ಲಿ ಒಂದು ಮಗುವಿಗೆ ನರ-ಬೆಳವಣಿಗೆಯ ಯಾವುದೋ ಒಂದು ತೊಂದರೆ ಕಂಡಿತು. ಆ ಐದು ಜಾಗಗಳಲ್ಲಿ ಕರ್ನಾಟಕದ್ದು ಒಂದೂ ಇಲ್ಲ.

ಪಶ್ಚಿಮದಲ್ಲಿ ಈಗ ಚಕ್ರ ತಿರುಗಿ ಬರುತ್ತಿದೆ. ಎಲ್ಲರನ್ನೂ ಒಂದೇ ಹೆಸರಿನಡಿ ತಂದದ್ದರಿಂದ ಮಾತೇ ಇಲ್ಲದ, ಇಪ್ಪತ್ನಾಲ್ಕು ತಾಸು ಆರೈಕೆ ಬೇಕಾದವರು ಮರೆಯಾದರು ಎಂದು ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನ ಆಯೋಗ 2021ರಲ್ಲಿ ‘ಪ್ರೊಫೌಂಡ್ ಆಟಿಸಂ’ ಎಂಬ ಹೆಸರನ್ನು ಮುಂದಿಟ್ಟಿತು. ಅದು ಬಂದರೂ ಬರಬಹುದು. ವಿಜ್ಞಾನ ಬೆಳೆದಂತೆ ಹೆಸರು ಬೇರೆಯಾಗುವುದು ತಪ್ಪಲ್ಲ: ರೆಟ್ ಸಿಂಡ್ರೋಮ್ ಒಂದು ಕಾಲಕ್ಕೆ ಆಟಿಸಂನ ಸಾಲಿನಲ್ಲಿತ್ತು, 1999ರಲ್ಲಿ ಅದರ ಜೀನ್ ಪತ್ತೆಯಾಯಿತು, ಮುಂದೆ ಡಿಎಸ್‌ಎಂ-5ರ ಆಟಿಸಂ ಪಟ್ಟಿಯಿಂದ ಆಚೆ ಹೋಯಿತು. ನಮ್ಮ ಕಷ್ಟ ಬೇರೆ. ಇಲ್ಲಿ ಆಟಿಸಂ ಎನಿಸಿಕೊಳ್ಳುವವರು ಬಹುತೇಕ ತೀರಾ ತೀವ್ರವಾದವರು ಮಾತ್ರ. ಗಣಿತದಲ್ಲಿ ಚುರುಕಾಗಿದ್ದು ಗೆಳೆಯರಿಲ್ಲದ, ಹುಬ್ಬಳ್ಳಿ-ಗದಗ ರೈಲಿನ ವೇಳಾಪಟ್ಟಿಯನ್ನು ಬಾಯಿಪಾಠ ಹೇಳುವ ಹುಡುಗ ‘ಹಟಮಾರಿ’ ಎಂದು ಏಟು ತಿನ್ನುತ್ತ ಎಸ್ಸೆಸ್ಸೆಲ್ಸಿವರೆಗೆ ಬಂದು ನಿಲ್ಲುತ್ತಾನೆ. ಅವನಿಗೆ ಆಸ್ಪರ್ಗರ್ ಎಂಬ ಹೆಸರು ಬಂದೂ ಇರಲಿಲ್ಲ, ಹೋಗಲೂ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಅಂಗವೈಕಲ್ಯ ಪ್ರಮಾಣಪತ್ರದ ನಿಯಮದಲ್ಲೇ ಒಂದು ಒಳ್ಳೆಯ ದಾರಿ ಇದೆ. ಐದು ವರ್ಷದೊಳಗಿನ ಮಗುವಿಗೆ ಬೌದ್ಧಿಕ ಅಸಾಮರ್ಥ್ಯ ಎಂದು ಖಾಯಂ ಮುದ್ರೆ ಒತ್ತದೆ, ‘ಸಮಗ್ರ ಬೆಳವಣಿಗೆಯ ವಿಳಂಬ’ ಎಂದು ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟು ಮತ್ತೆ ನೋಡಬೇಕು. ಹೆಸರಿಗೆ ಒಂದು ಅವಧಿ ಇದೆ ಎಂದು ಒಪ್ಪಿಕೊಂಡ ನಿಯಮ ಇದು. ಇದನ್ನು ದೊಡ್ಡ ಮಕ್ಕಳಿಗೂ ಚಾಚಬೇಕು, ಹೊಸ ಕಾಯ್ದೆ ಜಾರಿಗೆ ಬರುವ ಮುಂಚೆ ಬುದ್ಧಿಮಾಂದ್ಯದ ಪ್ರಮಾಣಪತ್ರ ಪಡೆದ ಪ್ರತಿಯೊಬ್ಬರನ್ನೂ ಒಮ್ಮೆ ಕರೆದು ನೋಡಬೇಕು. ಮರುಪರೀಕ್ಷೆಯಲ್ಲಿ ಶೇಕಡಾವಾರು ಇಳಿದರೂ ಮಾಸಾಶನ ನಿಲ್ಲುವುದಿಲ್ಲ ಎಂದು ಮೊದಲೇ ಲಿಖಿತವಾಗಿ ಹೇಳಬೇಕು. ಇಲ್ಲದಿದ್ದರೆ ಒಬ್ಬ ತಾಯಿಯೂ ಬರಲಾರಳು, ಬರಲೂಬಾರದು.

ಹೊಸ ಸಿಬ್ಬಂದಿ ಬೇಕೆಂದು ಕಾಯಬೇಕಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಬಹಳಷ್ಟು ಮಂದಿ ಸ್ವತಃ ವಿಕಲಚೇತನರು. ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಮನೆಯಲ್ಲಿ ಯಾವ ಮಗು ಇದೆ ಎಂಬುದು ಅವರ ದಾಖಲೆಯಲ್ಲಿದೆ. ವಿಂಗ್ ಮತ್ತು ಗೂಲ್ಡ್ ಕ್ಯಾಂಬರ್‌ವೆಲ್‌ನಲ್ಲಿ ಶುರುಮಾಡಿದ್ದೂ ಇಂಥ ಪಟ್ಟಿಯಿಂದಲೇ. ಕೊರತೆ ಇರುವುದು ಮನೋವಿಜ್ಞಾನಿಗಳದ್ದು, ವಾಕ್ ಚಿಕಿತ್ಸಕರದ್ದು; ಅವರನ್ನು ವಾರಕ್ಕೊಂದು ದಿನವಾದರೂ ತಾಲ್ಲೂಕು ಆಸ್ಪತ್ರೆಗೆ ಕಳಿಸಬೇಕು, ಕಾರ್ಯಕರ್ತರ ಗೌರವಧನವನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು. ಐಎಸ್‌ಎಎ ಕೇಳುವ 40 ಅಂಶಗಳನ್ನು ಈ ಕಡೆಯ ಮಾತಿನಲ್ಲಿ, ಈ ಕಡೆಯ ರೂಢಿಗೆ ಹೊಂದಿಸಿ ಕೇಳುವುದನ್ನು ಅವರಿಗೆ ಕಲಿಸಬೇಕು. ಹಿರಿಯರ ಮುಖ ನೋಡಿ ಮಾತಾಡಬೇಡ ಎಂದು ಬೆಳೆಸಿದ ಹುಡುಗಿಯ ಕಣ್ಣೋಟಕ್ಕೆ ಎಷ್ಟು ಅಂಕ ಹಾಕಬೇಕು ಎಂಬುದು ಬೆಂಗಳೂರಿನಲ್ಲಿ ಕೂತವರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಒಂದು ಪಂಚಾಯಿತಿಯಿಂದ ಶುರುವಾಗಲಿ, ನವಲಗುಂದದ ಎರಿ ಭೂಮಿಯ ಯಾವುದೇ ಊರಾದರೂ ಆದೀತು. ಒಂದೇ ಎಚ್ಚರ: ಶಿಬಿರವನ್ನು ಬೆಳಗ್ಗೆ ಹತ್ತಕ್ಕೆ ಇಟ್ಟುಕೊಳ್ಳಬಾರದು. ಕಳೆ ತೆಗೆಯುವಾಗ, ಹೆಸರು ಬಿಡಿಸುವಾಗ, ಹತ್ತಿ ಬಿಡಿಸುವಾಗ ಆ ಹೊತ್ತಿಗೆ ಊರಲ್ಲಿ ತಾಯಂದಿರು ಇರುವುದಿಲ್ಲ. ಮಗುವನ್ನು ಕರೆತರುವುದು ಅಜ್ಜಿ, ಮಗು ಹುಟ್ಟಿದಾಗ ಅತ್ತಿತೋ ಇಲ್ಲವೋ, ಎಂದು ಹೊರಳಿತು, ಮೊದಲ ಮಾತು ಯಾವುದು ಎಂದು ಕೇಳಿದರೆ ಆಕೆಗೆ ನೆನಪಿರುವುದಿಲ್ಲ. ಸಂಜೆ ಏಳರ ಮೇಲೆ ಹೋಗಬೇಕು.